ಮೂಗಿನೊಳಗಿನ ಜಿಗಣೆಗೆ ಹೊಗೆಸೊಪ್ಪು ಬೇಡ, ನೀರು ತೋರಿಸಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಹೆಬ್ರಿ ಹತ್ತಿರ, ತೋಟದ ಕೆಳಗೇ ತೋಡು. ನಾಯಿ ಕಾಳುವಿಗೆ ನಾಲ್ಕು ವರ್ಷ. ಹತ್ತು ದಿನದಿಂದ ಒಂದೇ ಸಮನೆ ಸೀನುತ್ತಿದ್ದಾನೆ, ಎಡ ಹೊಳ್ಳೆಯಿಂದ ರಕ್ತ ಹನಿಯುತ್ತದೆ. ನಿನ್ನೆ ನೀರು ಕುಡಿಯುವಾಗ ಕಪ್ಪಗಿನದೇನೋ ಹೊಳ್ಳೆಯಿಂದ ಇಣುಕಿ ಒಳಗೆ ಹೋಯಿತು. ಹೊಗೆಸೊಪ್ಪಿನ ನೀರು ಬಿಡಿ ಎನ್ನುತ್ತಾರೆ ನಮ್ಮತ್ತೆ. ಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ನೀವು ಕಂಡದ್ದು ಬಹುತೇಕ ಜಿಗಣೆಯೇ. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳ (ನೆಲದ ಜಿಗಣೆ) ಹೊಟ್ಟೆ ತುಂಬಿದ ಮೇಲೆ ತಾನೇ ಉದುರುತ್ತದೆ. ಮೂಗಿನ ಜಿಗಣೆ ಹಾಗಲ್ಲ. ತೋಡಿನ ನೀರು ಕುಡಿಯುವಾಗ ನೂಲಿನಷ್ಟು ಸಣ್ಣದಾಗಿ ಒಳಸೇರಿ, ಅಲ್ಲೇ ರಕ್ತ ಹೀರುತ್ತ ವಾರಗಟ್ಟಲೆ ಬೆಳೆಯುತ್ತದೆ.

ಹೊಗೆಸೊಪ್ಪು, ಉಪ್ಪು, ಸುಣ್ಣ ಹಾಕಿದರೆ ಜಿಗಣೆಗಿಂತ ಮೊದಲು ಸುಡುವುದು ಮೂಗಿನ ಒಳಪದರ. ಹೊಗೆಸೊಪ್ಪಿನ ನಿಕೋಟಿನ್ ನಾಯಿಗೆ ವಿಷ. ಅತ್ತೆಯವರ ಕಾಳಜಿ ಅರ್ಥವಾಗುತ್ತದೆ, ಆದರೆ ಕಾಲಿನ ಮದ್ದು ಮೂಗಿಗಲ್ಲ.

ನೀರು ಕಂಡರೆ ಅದು ಹೊರಗೆ ಇಣುಕುತ್ತದೆ ಎಂಬುದನ್ನು ನೀವೇ ನೋಡಿದ್ದೀರಿ. ನಾವೂ ಅದನ್ನೇ ಬಳಸುತ್ತೇವೆ. ಗಟ್ಟಿಮುಟ್ಟಾದ ನಾಯಿಯಾದರೆ ಕೆಲವು ಗಂಟೆ ನೀರು ಕೊಡದೆ ಕರೆತರಲು ಹೇಳಿ, ಆಸ್ಪತ್ರೆಯಲ್ಲಿ ಮೂಗಿನ ಬುಡಕ್ಕೇ ತಣ್ಣೀರಿನ ಬಟ್ಟಲು ಹಿಡಿಯುತ್ತೇವೆ. ಮರಿಗೆ, ಸುಸ್ತಾದ ನಾಯಿಗೆ ಹಾಗೆ ನೀರು ತಪ್ಪಿಸುವಂತಿಲ್ಲ. ಆತುರ ಮಾಡಬಾರದು. ತುದಿ ಕಂಡ ಕೂಡಲೇ ಕೈ ಹಾಕಿದರೆ ಸರ್ರನೆ ಒಳಗೆ ಸರಿಯುತ್ತದೆ. ಅರ್ಧ ಇಂಚಾದರೂ ಹೊರಬರಲಿ ಎಂದು ಉಸಿರು ಬಿಗಿಹಿಡಿದು ಕಾದು, ಫೋರ್ಸೆಪ್ಸ್‌ನಲ್ಲಿ ಹಿಡಿದು, ಜಗ್ಗದೆ ಒಂದೇ ಬಿಗಿಯಲ್ಲಿ ಎಳೆದಿಟ್ಟುಕೊಳ್ಳಬೇಕು. ಕೊನೆಗೆ ಅದರ ಹಿಡಿತ ಸಡಿಲುತ್ತದೆ. ಹೊರಬರದಿದ್ದರೆ ಮಂಪರು ಕೊಟ್ಟು, ಮೂಗಿನೊಳಗೆ ನೋಡುವ ಕೊಳವೆ (ಸ್ಕೋಪ್) ಹಾಕಿ ತೆಗೆಯುತ್ತೇವೆ. ಇದನ್ನು ಮನೆಯಲ್ಲಿ ಚಿಮಟದಿಂದ ಪ್ರಯತ್ನಿಸಬೇಡಿ. ಕಾಳು ತಲೆ ಕೊಡವಿದರೆ ಮೂಗಿನೊಳಗೆ ಗಾಯ, ನಿಮ್ಮ ಕೈಗೂ ಕಚ್ಚಾನು.

ತೆಗೆದ ಮೇಲೂ ಸ್ವಲ್ಪ ಹೊತ್ತು ರಕ್ತ ಜಿನುಗಬಹುದು. ಜಿಗಣೆಯ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ನೋವೆಂದು ಮನುಷ್ಯರ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರ ಕೊಡಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಹತ್ತು ದಿನದ ಸೋರಿಕೆಯಾದ್ದರಿಂದ ಕಾಳುವಿನ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣವಿದ್ದರೆ ಸರಿ, ಬಿಳಿಚಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಇನ್ನೊಂದು ಮಾತು, ನಮ್ಮ ಕರಾವಳಿಯವರಿಗೆ ವಿಶೇಷವಾಗಿ: ಮೂಗಿನ ರಕ್ತವೆಲ್ಲ ಜಿಗಣೆಯದಲ್ಲ. ಉಣ್ಣೆ ಹುಳುವಿನಿಂದ ಬರುವ ಎರ್ಲಿಕಿಯಾ ಜ್ವರದಲ್ಲೂ ಹೀಗೇ ಸೋರುತ್ತದೆ. ಜ್ವರ, ಊಟ ಬಿಡುವುದು, ಹೊಟ್ಟೆಯ ಚರ್ಮದಲ್ಲಿ ನೇರಳೆ ಚುಕ್ಕೆ ಕಂಡರೆ ಆ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ನಾಳೆಯೇ ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನು ಮುಂದೆ ತೋಟಕ್ಕೆ ಬಿಡುವ ಮೊದಲು ಮನೆಯಲ್ಲೇ ಹೊಟ್ಟೆತುಂಬ ಬಾವಿನೀರು ಕುಡಿಸಿ. ಜಿಗಣೆ ತೆಗೆಸಿದ ವಾರದೊಳಗೆ ಮತ್ತೆ ಸೀನಿದರೆ ಒಳಗೆ ಇನ್ನೊಂದು ಇರಬಹುದು, ಪುನಃ ತೋರಿಸಿ.