ವಲಸೆ ಮೇಲ್ಮನವಿ ಮುಗಿದ ಮೇಲೆ ವಕೀಲರ ಖರ್ಚು ಯಾರ ಪಾಲಿಗೆ?

ಪ್ರಶ್ನೆ: ನನ್ನ ತಂಗಿ ಗಂಡನೊಂದಿಗೆ ಲಂಡನ್ನಿನಲ್ಲಿದ್ದಾಳೆ. ಕುಟುಂಬ ಜೀವನದ ಆಧಾರದ ಮೇಲೆ ವಾಸದ ಅನುಮತಿ ಕೋರಿ ಅವಳು ಸಲ್ಲಿಸಿದ ಅರ್ಜಿಯನ್ನು ಬ್ರಿಟನ್ನಿನ ಗೃಹ ಇಲಾಖೆ ತಿರಸ್ಕರಿಸಿತು. ವಲಸೆ ಮೇಲ್ಮನವಿಗಳನ್ನು ಕೇಳುವ ಮೊದಲ ಹಂತದ ಫಸ್ಟ್ ಟಿಯರ್ ಟ್ರಿಬ್ಯೂನಲ್, ಅದರ ಮೇಲಿನ ಅಪ್ಪರ್ ಟ್ರಿಬ್ಯೂನಲ್ ಎರಡರಲ್ಲೂ ಸೋತ ಮೇಲೆ ಇನ್ನೂ ಮೇಲಿನ ನ್ಯಾಯಾಲಯವಾದ ಕೋರ್ಟ್ ಆಫ್ ಅಪೀಲ್‌ ಮೇಲ್ಮನವಿಗೆ ಅವಕಾಶ ಕೊಟ್ಟಿತು. ವಿಚಾರಣೆಗೆ ಮೊದಲೇ ಇಲಾಖೆ ಅನುಮತಿ ಕೊಡಲು ಒಪ್ಪಿದೆ. ಆದರೆ ರಾಜಿ ಆದೇಶದ ಕರಡಿನಲ್ಲಿ ಉಭಯ ಪಕ್ಷಗಳೂ ತಮ್ಮ ತಮ್ಮ ಖರ್ಚು ಭರಿಸತಕ್ಕದ್ದು ಎಂದಿದೆ. ಸಹಿ ಹಾಕಬಹುದೇ? ಈವರೆಗಿನ ಎಲ್ಲ ಖರ್ಚೂ ವಾಪಸು ಬರುವುದೇ?
– ಓದುಗರೊಬ್ಬರು

ಉತ್ತರ: ಆ ಸಾಲು ಇರುವವರೆಗೆ ನಿಮ್ಮ ತಂಗಿ ಸಹಿ ಹಾಕಬಾರದು. ಒಮ್ಮೆ ಸಹಿ ಬಿದ್ದರೆ ಖರ್ಚಿನ ಮಾತು ಅಲ್ಲಿಗೇ ಮುಗಿಯುತ್ತದೆ. ಅನುಮತಿಯ ವಿಷಯದಲ್ಲಿ ರಾಜಿಗೆ ಒಪ್ಪಿ, ಖರ್ಚನ್ನು ಮಾತ್ರ ನ್ಯಾಯಾಲಯದ ತೀರ್ಮಾನಕ್ಕೆ ಬಿಡುವಂತೆ ಕರಡನ್ನು ತಿದ್ದಲು ಅವರ ಸಾಲಿಸಿಟರ್‌ಗೆ ಹೇಳಿ. ಇಂಥ ವಿವಾದವನ್ನು ನ್ಯಾಯಾಲಯ ಸಾಮಾನ್ಯವಾಗಿ ಎರಡೂ ಕಡೆಯ ಲಿಖಿತ ಹೇಳಿಕೆಗಳ ಮೇಲೆಯೇ ಬಗೆಹರಿಸುತ್ತದೆ.

ಆದರೆ ಎಲ್ಲ ಖರ್ಚೂ ಬರುವುದಿಲ್ಲ. ಹಣ ಯಾವ ಹಂತದಲ್ಲಿ ಖರ್ಚಾಯಿತು ಎಂಬುದನ್ನು ಮೊದಲು ನೋಡಬೇಕು. ಟ್ರಿಬ್ಯೂನಲ್‌ಗಳಲ್ಲಿ ಮೇಲ್ಮನವಿ ಗೆದ್ದವರಿಗೂ ವಕೀಲರ ಶುಲ್ಕವನ್ನು ಎದುರಾಳಿ ಕೊಡುವ ಪದ್ಧತಿಯಿಲ್ಲ. ಫಸ್ಟ್ ಟಿಯರ್ ಟ್ರಿಬ್ಯೂನಲ್‌ನ 2014ರ ನಿಯಮಾವಳಿಯ 9ನೇ ನಿಯಮದಂತೆ, ಮೇಲ್ಮನವಿ ಪುರಸ್ಕೃತವಾದರೆ ಅರ್ಜಿದಾರರು ಕಟ್ಟಿದ ಟ್ರಿಬ್ಯೂನಲ್ ಶುಲ್ಕವನ್ನು ಮರಳಿ ಕೊಡುವಂತೆ ಆದೇಶಿಸಬಹುದು. 2011ರ ಶುಲ್ಕ ಆದೇಶದಲ್ಲಿ ಇದನ್ನು ಮೌಖಿಕ ವಿಚಾರಣೆಗೆ 140 ಪೌಂಡ್ ಎಂದು ಗೊತ್ತುಪಡಿಸಲಾಗಿತ್ತು. ವಕೀಲರ ಖರ್ಚು ಸಿಗಬೇಕಾದರೆ ಎದುರು ಪಕ್ಷ ಪ್ರಕರಣ ನಡೆಸಿದ ರೀತಿ ಅಸಮಂಜಸವಾಗಿತ್ತೆಂದು, ಇಲ್ಲವೇ ಪ್ರತಿನಿಧಿಯ ತಪ್ಪಿನಿಂದ ಹಣ ವ್ಯರ್ಥವಾಯಿತೆಂದು ತೋರಿಸಬೇಕು. ಅದಕ್ಕೂ ತೀರ್ಪು ಕಳುಹಿಸಿದ ದಿನದಿಂದ 28 ದಿನಗಳ ಗಡುವಿದೆ. ವರ್ಷಗಟ್ಟಲೆ ಹೋರಾಡಿದ ಕುಟುಂಬಕ್ಕೆ ಇದು ಅನ್ಯಾಯವೆಂದೇ ನನಗೆ ಅನಿಸುತ್ತದೆ; ಆದರೆ ಸೋತವರ ಮೇಲೆ ಇಲಾಖೆಯ ಖರ್ಚು ಬೀಳದಂತೆ ಕಾಯುವುದೂ ಇದೇ ನಿಯಮ ಎಂಬುದನ್ನು ಮರೆಯುವಂತಿಲ್ಲ.

ಕೋರ್ಟ್ ಆಫ್ ಅಪೀಲ್‌ನಲ್ಲಿ ಲೆಕ್ಕ ಬೇರೆ. ಸಿವಿಲ್ ಪ್ರಕ್ರಿಯಾ ನಿಯಮ 44.2ರ ಪ್ರಕಾರ ಸೋತವರು ಗೆದ್ದವರ ಖರ್ಚು ಕೊಡುವುದು ಅಲ್ಲಿನ ಸಾಮಾನ್ಯ ಕ್ರಮ, ಆದರೂ ಬೇರೆ ರೀತಿ ಆದೇಶಿಸುವ ವಿವೇಚನೆ ನ್ಯಾಯಾಧೀಶರಿಗಿದೆ. ತೀರ್ಪೇ ಬರದ ನಿಮ್ಮ ತಂಗಿಯಂಥ ಪ್ರಕರಣದಲ್ಲಿ ಗೆದ್ದವರು ಯಾರೆಂದು ತಿಳಿಯುವುದು ಹೇಗೆ? 2012ರ ‘ಎಂ ವಿರುದ್ಧ ಕ್ರಾಯ್ಡನ್’ ತೀರ್ಪಿನಲ್ಲಿ ಲಾರ್ಡ್ ನ್ಯೂಬರ್ಗರ್ ಇದಕ್ಕೆ ದಾರಿ ತೋರಿದ್ದಾರೆ. ಕೇಳಿದ್ದೆಲ್ಲ ಸಿಕ್ಕಿದ್ದರೆ ಖರ್ಚೂ ಸಿಗಬೇಕು, ಹಾಗಾಗದಿರಲು ಬಲವಾದ ಕಾರಣವಿರಬೇಕು. ಭಾಗಶಃ ಸಿಕ್ಕಿದ್ದರೆ ಪಡೆದದ್ದರ ಮಹತ್ವವನ್ನೂ ಸಿಗದ ವಾದಗಳಿಗೆ ತಗುಲಿದ ಶ್ರಮವನ್ನೂ ತೂಗಬೇಕು. ಸಿಕ್ಕಿದ್ದಕ್ಕೂ ಕೇಳಿದ್ದಕ್ಕೂ ಸಂಬಂಧವೇ ಇಲ್ಲದಿದ್ದರೆ ಹಲವು ಬಾರಿ ಖರ್ಚಿನ ಆದೇಶ ಇರುವುದಿಲ್ಲ. ಅದು ನ್ಯಾಯಿಕ ಪುನರ್ವಿಮರ್ಶೆಯ (ಸರ್ಕಾರಿ ಸಂಸ್ಥೆಯ ನಿರ್ಧಾರ ಕಾನೂನುಬದ್ಧವೇ ಎಂದು ನ್ಯಾಯಾಲಯ ಪರಿಶೀಲಿಸುವ) ಪ್ರಕರಣವಾದರೂ ಅದೇ ತರ್ಕವನ್ನು ಮೇಲ್ಮನವಿಗಳಲ್ಲೂ ಬಳಸಲಾಗುತ್ತದೆ.

ಇಲಾಖೆ ಬಹುಶಃ, ತಾನು ಸೋಲೊಪ್ಪಿಲ್ಲ, ವ್ಯಾವಹಾರಿಕ ಕಾರಣಗಳಿಗಾಗಿ ಮಾತ್ರ ಅನುಮತಿ ಕೊಡುತ್ತಿದ್ದೇನೆ ಎನ್ನಬಹುದು. 2011ರ ‘ಬಾಹ್ತಾ’ ಪ್ರಕರಣದಲ್ಲಿ ಇಂಥ ವಾದವನ್ನು ಕೋರ್ಟ್ ಆಫ್ ಅಪೀಲ್ ಸಂಶಯದಿಂದಲೇ ನೋಡಿತು. ಆದ್ದರಿಂದ ಇಲಾಖೆ ಮನಸ್ಸು ಬದಲಿಸಿದ್ದು ಏಕೆ ಎಂಬುದಕ್ಕೆ ಕಾಗದಪತ್ರಗಳ ಆಧಾರ ಬೇಕು. ಮೇಲ್ಮನವಿಯ ಆಧಾರಗಳಲ್ಲಿ ಎತ್ತಿ ತೋರಿಸಿದ್ದ ಕಾನೂನಿನ ತಪ್ಪನ್ನೇ ಈಗ ಸರಿಪಡಿಸುತ್ತಿದ್ದರೆ ನಿಮ್ಮ ತಂಗಿಯ ಬೇಡಿಕೆ ಗಟ್ಟಿ. ಮಗು ಹುಟ್ಟಿದಂಥ ಹೊಸ ಸಂಗತಿಯೋ ತಡವಾಗಿ ಸಲ್ಲಿಸಿದ ದಾಖಲೆಯೋ ಕಾರಣವಾಗಿದ್ದರೆ ಅದು ದುರ್ಬಲ. ಹಿಂದಿನ ಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಲು ಹೇಳಿ.

ಆದೇಶ ಅವರ ಪರವಾಗಿ ಬಂದರೂ ಬಿಲ್ಲಿನ ಮೊತ್ತ ಪೂರ್ತಿ ಬರುವುದು ವಿರಳ. ಸಾಮಾನ್ಯ ಮಾನದಂಡದ ಮೇಲೆ ಖರ್ಚನ್ನು ಅಳೆಯುವಾಗ, ಯಾವುದೇ ಬಾಬ್ತು ಅಗತ್ಯವಿತ್ತೇ ಎಂಬ ಸಂದೇಹ ಬಂದರೆ ಅದರ ಲಾಭ ಹಣ ಕೊಡುವವರಿಗೆ ಹೋಗುತ್ತದೆ.

ಪ್ರಶ್ನೆ: ಸರ್ಕಾರಿ ಕಾನೂನು ನೆರವಿನಿಂದ ಮೇಲ್ಮನವಿ ನಡೆಸಿ ಸೋತರೆ ಇಲಾಖೆಯ ಖರ್ಚನ್ನು ಪೂರ್ತಿ ತುಂಬಬೇಕಾಗುತ್ತದೆಯೇ?
– ಇನ್ನೊಬ್ಬ ಓದುಗರು

ಉತ್ತರ: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಾಗಿಲ್ಲ. 2012ರ ಕಾನೂನು ನೆರವು ಕಾಯ್ದೆಯ 26ನೇ ಕಲಮಿನಂತೆ, ಎಲ್ಲ ಪಕ್ಷಗಳ ಆರ್ಥಿಕ ಸ್ಥಿತಿ ಹಾಗೂ ವಿವಾದದಲ್ಲಿ ಅವರ ನಡತೆಯನ್ನು ನೋಡಿ, ನೆರವು ಪಡೆದವರು ಕೊಡುವುದು ಸಮಂಜಸವೆನಿಸುವಷ್ಟು ಮೊತ್ತವನ್ನು ಮೀರಿ ಆದೇಶಿಸುವಂತಿಲ್ಲ.