ಓದುಗರ ಪ್ರಶ್ನೆ: ಮಗಳ ಮನೆಯ ಎಣ್ಣೆ ಬಿಲ್ಲು

ಪ್ರಶ್ನೆ: ಸಾರ್, ನಮ್ದು ಕೋಲಾರ. ಮಗಳು ಅಳಿಯ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ವೂಸ್ಟರ್ ಹತ್ರ ಹೋದ್ವರ್ಷ ಒಂದು ಹಳೇ ಮರದ ಮನೆ ತಗೊಂಡ್ರು. ಅಲ್ಲಿ ಮನೆ ಬೆಚ್ಚಗಿಡೋಕೆ ಎಣ್ಣೆ ಸುಡ್ತಾರಂತೆ, ಟ್ಯಾಂಕರ್ ಬಂದು ತುಂಬಿಸಿ ಹೋಗುತ್ತಂತೆ, ಒಂದ್ಸಲಕ್ಕೆ 700 ಡಾಲರ್ ಬಿಲ್ ಬಂತು ಅಂತ ಮಗಳು ಫೋನಲ್ಲಿ ಅಂದ್ಲು. ಡಿಸೆಂಬರ್‌ನಲ್ಲಿ ಅವಳಿಗೆ ಹೆರಿಗೆ, ನಾನು ಬಾಣಂತನಕ್ಕೆ ಹೋಗ್ತಿದೀನಿ. ಇವರಿಬ್ರೂ ದುಡ್ಡು ಉಳಿಸ್ತೀವಿ ಅಂತ ಎರಡೆರಡು ಸ್ವೆಟರ್ ಹಾಕ್ಕೊಂಡು ಚಳೀಲಿ ಕೂತಿರ್ತಾರೆ, ವಿಡಿಯೋ ಕಾಲಲ್ಲಿ ನೋಡೋಕಾಗಲ್ಲ. ಇದ್ಯಾವ ಎಣ್ಣೆ, ಯಾಕಿಷ್ಟು ದುಡ್ಡು, ಬಾಣಂತಿ ಕೋಣೆ ಬೆಚ್ಚಗಿಟ್ಕೊಂಡೇ ಖರ್ಚು ಇಳಿಸೋಕಾಗುತ್ತಾ? (ಹೆಸರು ಬೇಡ, ಕೋಲಾರ)

ಉತ್ತರ: ಅಮ್ಮಾ, ನಾನು ತುಮಕೂರಿಗೆ ವಾಪಸ್ ಬರೋ ಮುಂಚೆ ಅದೇ ರಾಜ್ಯದಲ್ಲಿ ಅಂಥದ್ದೇ ಮನೇಲಿ ಒಂಬತ್ತು ಚಳಿಗಾಲ ಕಳ್ದಿದೀನಿ, ಅದಕ್ಕೇ ನಿಮ್ಮ ಕಾಗದ ಓದಿದ ತಕ್ಷಣ ಉತ್ತರ ಬರೆಯೋಕೆ ಕೂತೆ. ಅದು ಹೆಚ್ಚೂಕಮ್ಮಿ ನಮ್ಮ ಲಾರಿಗೆ ಹಾಕೋ ಡೀಸೆಲ್ಲೇ. ಗಾಡಿಗೆ ಹಾಕೋ ಡೀಸೆಲ್ ಮೇಲೆ ರಸ್ತೆ ತೆರಿಗೆ ಇರುತ್ತೆ, ಮನೆ ಎಣ್ಣೆ ಮೇಲೆ ಇರಲ್ಲ, ಯಾರೂ ಕದ್ದು ಗಾಡಿಗೆ ಹಾಕಬಾರ್ದು ಅಂತ ಇದಕ್ಕೆ ಕೆಂಪು ಬಣ್ಣ ಬೆರೆಸಿರ್ತಾರೆ. ನೆಲಮಾಳಿಗೇಲಿ ಬಾಯ್ಲರ್ ಇರುತ್ತೆ, ಎಣ್ಣೆ ಉರಿದು ನೀರು ಕಾಯುತ್ತೆ, ಆ ಬಿಸಿ ನೀರು ಗೋಡೆ ಬುಡದ ಪೈಪಲ್ಲಿ ಮನೆಯೆಲ್ಲಾ ಸುತ್ತುತ್ತೆ. ನಮ್ಮ ಬಚ್ಚಲ ಹಂಡೆ ಒಲೇನೇ ಮನೆ ತುಂಬಾ ಪೈಪ್ ಹಾಕಿ ಓಡಿಸಿದ ಹಾಗೆ ಅಂದ್ಕೊಳ್ಳಿ.

ಡೀಸೆಲ್ ಜಾತೀದೇ ಆಗಿರೋದ್ರಿಂದ ಕಚ್ಚಾ ತೈಲ ಏರಿದ್ರೆ ಇದೂ ಏರುತ್ತೆ, ಚಳಿ ಜಾಸ್ತಿಯಾಗಿ ಎಲ್ರೂ ಒಟ್ಟಿಗೇ ಕೇಳಿದ್ರೂ ಏರುತ್ತೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಗ್ಯಾಲನ್‌ಗೆ 5 ಡಾಲರ್ ದಾಟಿತ್ತು. ಗ್ಯಾಲನ್ ಅಂದ್ರೆ ಸುಮಾರು 3.8 ಲೀಟರ್. ಗ್ಯಾಲನ್‌ಗೆ ಮೂರೂವರೆ ಡಾಲರ್ ಇದ್ರೆ 200 ಗ್ಯಾಲನ್‌ಗೆ ನಿಮ್ಮ ಮಗಳು ಹೇಳಿದ 700 ಆಯ್ತು ನೋಡಿ. ಆ ರೇಟು ನಮ್ಮ ಕೈಲಿಲ್ಲ, ಆದ್ರೆ ಎಷ್ಟು ಗ್ಯಾಲನ್ ಉರಿಯುತ್ತೆ ಅನ್ನೋದು ಬಹಳ ಮಟ್ಟಿಗೆ ಕೈಲಿದೆ, ಅದಕ್ಕೇ ಅಳಿಯಂದ್ರಿಗೆ ಮೊದಲು ಹೇಳ್ಬೇಕಾದ್ದು ಬಿಲ್ಲಲ್ಲಿ ಡಾಲರ್ ಜೊತೆ ಗ್ಯಾಲನ್ನೂ ಬರೆದಿಡಿ ಅಂತ.

ಮೊದಲ್ನೇದು ಬಾಯ್ಲರ್ ಸರ್ವೀಸ್. ವರ್ಷಕ್ಕೊಂದ್ಸಲ, ಚಳಿ ಶುರುವಾಗೋ ಮುಂಚೆ, ನಾಝಲ್ಲು ಫಿಲ್ಟರ್ರು ಬದಲಾಯಿಸಿ ಒಳಗಡೆ ಮಸಿ ಗುಡಿಸಿ ಹೊಗೆ ಟೆಸ್ಟ್ ಮಾಡಿಸ್ಲೇಬೇಕು. ಹಂಡೆ ತಳದಲ್ಲಿ ಮಸಿ ಕಟ್ಟಿದ್ರೆ ಎಷ್ಟು ಸೌದೆ ಇಟ್ರೂ ನೀರು ಕಾಯಲ್ಲ ಅಂತ ನಿಮಗೇ ಗೊತ್ತು, ಅಲ್ಲೂ ಅದೇ ಕತೆ. ಒಳ್ಳೇ ಬಾಯ್ಲರಲ್ಲಿ 100 ಡಾಲರ್ ಎಣ್ಣೇಲಿ ಒಂದು 15 ಡಾಲರ್‌ದು ಚಿಮಣಿ ಪಾಲಾದ್ರೆ, ಹಳೇದ್ರಲ್ಲಿ 30 ದಾಟೋದೂ ಉಂಟು.

ಎರಡ್ನೇದು ಸಂದು. ಹಳೇ ಮರದ ಮನೇಲಿ ಬಿಸಿ ಗಾಳಿ ಅಟ್ಟದಿಂದ ಮೇಲಕ್ಕೆ ಹೋಗುತ್ತೆ, ಕೆಳಗಿಂದ ತಣ್ಣನೆ ಗಾಳಿ ಒಳಗೆ ಎಳ್ಕೊಳ್ಳುತ್ತೆ. ಅಲ್ಲಿ ಮಾಸ್ ಸೇವ್ ಅಂತ ಒಂದು ಯೋಜನೆ ಇದೆ, ಅವ್ರು ಬಂದು ಮನೆ ಪೂರ್ತಿ ಪರೀಕ್ಷೆ ಮಾಡಿ ಎಲ್ಲಿ ಸೋರುತ್ತೆ ಅಂತ ಫ್ರೀಯಾಗೇ ಹೇಳ್ತಾರೆ, ಅಟ್ಟಕ್ಕೆ ಇನ್ಸುಲೇಷನ್, ಅಂದ್ರೆ ಬಿಸಿ ಹೊರಗೆ ಹೋಗದ ಹಾಗೆ ತಡೆಯೋ ಹೊದಿಕೆ, ಹಾಕಿಸಿದ್ರೆ ಖರ್ಚಲ್ಲಿ ದೊಡ್ಡ ಪಾಲು ಅವ್ರೇ ಕೊಡ್ತಾರೆ. ಇದನ್ನ ಅವ್ರಿನ್ನೂ ಮಾಡ್ಸಿಲ್ಲ ಅಂದ್ರೆ ಇವತ್ತೇ ಫೋನ್ ಮಾಡಿ ಹೇಳಿ ಅಮ್ಮಾ, ನಾನು ಐದು ವರ್ಷ ಮಾಡಿಸ್ದೇ ಕೂತು ಎಷ್ಟೋ ದುಡ್ಡು ಆಕಾಶಕ್ಕೆ ಬಿಟ್ಟೆ. ಹಾಗೇ ಆ ಗೋಡೆ ಬುಡದ ಪೈಪಿಗೆ ಸೋಫಾ ಒತ್ತಿ ಇಟ್ಟಿದ್ರೆ ಒಂದು ಗೇಣು ಮುಂದಕ್ಕೆ ಎಳೀರಿ, ರೆಕ್ಕೆ ಥರ ತಗಡು ಇರುತ್ತಲ್ಲ ಅದರ ಧೂಳು ತೆಗೀರಿ.

ಇನ್ನು ತಗೊಳ್ಳೋ ರೀತಿ. ಸಾಮಾನ್ಯವಾಗಿ ಮನೆ ಟ್ಯಾಂಕು 275 ಗ್ಯಾಲನ್‌ದು, ಅದಕ್ಕೆ ಹಿಡಿಯೋದು 250ರ ಆಸುಪಾಸು. ಒಂದೇ ಊರಲ್ಲಿ ಒಂದೇ ದಿನ ಡೀಲರ್‌ನಿಂದ ಡೀಲರ್‌ಗೆ ರೇಟು ಬೇರೆ ಇರುತ್ತೆ, ಮೂರು ಕಡೆ ಫೋನ್ ಮಾಡ್ಬೇಕು, 100 ಗ್ಯಾಲನ್‌ಗಿಂತ 150, 200 ಒಟ್ಟಿಗೆ ತಗೊಂಡ್ರೆ ಗ್ಯಾಲನ್ ಲೆಕ್ಕದಲ್ಲಿ ಕಮ್ಮಿ ಬೀಳುತ್ತೆ. ಅಮೆರಿಕ ಸರ್ಕಾರದ ಇಂಧನ ಮಾಹಿತಿ ಸಂಸ್ಥೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ವಾರ ವಾರ ಸರಾಸರಿ ರೇಟ್ ಹಾಕುತ್ತೆ, ಅದನ್ನ ನೋಡ್ಕೊಂಡು ಮಾತಾಡಿದ್ರೆ ಮೋಸ ಹೋಗಲ್ಲ. ಫಿಕ್ಸೆಡ್ ರೇಟಿಗೆ ಸೈನ್ ಹಾಕಿದ್ರೆ ಆಮೇಲೆ ರೇಟು ಇಳಿದ್ರೂ ನೀವು ಕೊಡೋದು ಅಷ್ಟೇ. ಕ್ಯಾಪ್ ಅಂತ ಇನ್ನೊಂದಿದೆ, ಮೇಲಕ್ಕೆ ಮಿತಿ ಇರುತ್ತೆ, ಇಳಿದ್ರೆ ಇಳಿದ ರೇಟು ಸಿಗುತ್ತೆ, ಅದಕ್ಕೆ ಬೇರೆ ಫೀಸು. ಮೊದಲ ಮಗು ಬರೋ ಮನೆಗೆ ನನ್ನ ಕೇಳಿದ್ರೆ ಕ್ಯಾಪ್ ವಾಸಿ, ನೆಮ್ಮದಿಗೂ ಒಂದು ಬೆಲೆ ಇದೆ.

ಆಟೋಮ್ಯಾಟಿಕ್ ಡೆಲಿವರಿ ಹಾಕ್ಸಿದ್ರೆ ಒಂದು ವಿಷಯ ಗಮನ ಇರ್ಲಿ. ಕಂಪನಿಯವ್ರು ಟ್ಯಾಂಕ್ ನೋಡಿ ಬರಲ್ಲ, ದಿನ ದಿನದ ಚಳಿ ಲೆಕ್ಕ ಮತ್ತು ಈ ಮನೆ ಹಿಂದೆ ಎಷ್ಟು ಸುಟ್ಟಿದೆ ಅನ್ನೋದನ್ನ ಗುಣಿಸಿ ಅಂದಾಜಲ್ಲಿ ಬರ್ತಾರೆ. ಹೋದ್ವರ್ಷ ಇಬ್ರೂ ಆಫೀಸಿಗೆ ಹೋಗಿ ಹಗಲೆಲ್ಲಾ ಮನೆ ತಣ್ಣಗಿತ್ತು, ಈ ವರ್ಷ ಬಾಣಂತಿ, ಕೂಸು, ನೀವು, ಇಡೀ ದಿನ ಮನೇಲೇ ಇರ್ತೀರಿ, ಬಾಣಂತಿಗೆ ಕೂಸಿಗೆ ಎರೆಯೋ ಬಿಸಿನೀರೂ ಬಹಳ ಮನೆಗಳಲ್ಲಿ ಅದೇ ಬಾಯ್ಲರ್‌ದೇ, ಅವರ ಅಂದಾಜು ತಪ್ಪುತ್ತೆ. ಕಂಪನಿಗೆ ಮುಂಚೇನೇ ಹೇಳ್ಬೇಕು.

ನಮಗೆ ಹಿಂಗೇ ಆಯ್ತು. ಜನವರಿ ತಿಂಗಳು, ರಾತ್ರಿ ಎರಡು ಗಂಟೆಗೆ ಮಗಳು ಮೂಗು ತಣ್ಣಗಾಗ್ತಿದೆ ಅಂತ ಎಬ್ಬಿಸಿದ್ಲು. ಕೆಳಗೆ ಹೋಗಿ ನೋಡಿದ್ರೆ ಟ್ಯಾಂಕ್ ಮೇಲಿನ ಗೇಜು ಕಾಲು ಭಾಗ ಇದೆ ಅಂತ ತೋರಿಸ್ತಿದೆ, ಟ್ಯಾಂಕ್ ತಟ್ಟಿದ್ರೆ ತಳದವರೆಗೂ ಖಾಲಿ ಡಬ್ಬದ ಸದ್ದು, ಒಳಗಡೆ ಎಣ್ಣೆ ಮೇಲೆ ತೇಲೋ ಗೇಜಿನ ಬೆಂಡು ಸಿಕ್ಕಾಕ್ಕೊಂಡಿತ್ತು. ಡೀಲರ್ ಎರಡು ದಿನ ಆಗುತ್ತೆ ಅಂದ. ಬಂಕಿಗೆ ಹೋಗಿ ಹಳದಿ ಕ್ಯಾನಲ್ಲಿ ಐದು ಗ್ಯಾಲನ್ ಡೀಸೆಲ್ ತಂದು ಮನೆ ಹೊರಗಿನ ಪೈಪಲ್ಲಿ ಸುರಿದೆ, ಲೈನಲ್ಲಿ ಗಾಳಿ ತುಂಬಿತ್ತು, ಪಂಪಿನ ಸ್ಕ್ರೂ ಸಡಿಲ ಮಾಡಿ ಬಾಟ್ಲಿ ಹಿಡ್ಕೊಂಡು ಕೂತೆ, ಮೊದಲು ಬುಸಬುಸ ನೊರೆ, ಆಮೇಲೆ ತಿಳಿ ಎಣ್ಣೆ ಒಂದೇ ಧಾರೆಯಾಗಿ ಬಂದ ಮೇಲೆ ಸ್ಕ್ರೂ ಮುಚ್ಚಿದೆ, ಗುರ್ ಅಂತ ಉರಿ ಹತ್ಕೊಂತು. ಅಷ್ಟರೊಳಗೆ ನನ್ನ ಹೆಂಡತಿ ಬಾಯ್ಲರ್ ಮತ್ತೆ ಹೊತ್ತಿಸೋ ಕೆಂಪು ಬಟನ್ ಮತ್ತೆ ಮತ್ತೆ ಒತ್ತೋಕೆ ಹೋಗಿದ್ಲು, ದಯವಿಟ್ಟು ಅದನ್ನ ಮಾತ್ರ ಮಾಡ್ಬೇಡಿ, ಒಲೆ ಒಳಗೆ ಸುಡದ ಎಣ್ಣೆ ನಿಂತು ಅಪಾಯ. ಒಂದ್ಸಲ ಒತ್ತಿ ಹತ್ಕೊಳ್ಳಲಿಲ್ಲ ಅಂದ್ರೆ ಮೆಕ್ಯಾನಿಕ್ ಕರೀಬೇಕು. ಹಂಗಾಗಿ ಗೇಜು ಕಾಲು ಭಾಗಕ್ಕೆ ಬರೋ ಮುಂಚೇನೇ ಆರ್ಡರ್ ಕೊಡ್ಲಿ. ತುಂಬಿಸುವಾಗ ಗಾಳಿ ಪೈಪಿಂದ ಸಿಳ್ಳೆ ಸದ್ದು ಬರ್ತಿರುತ್ತೆ, ಸಿಳ್ಳೆ ನಿಂತ್ರೆ ಟ್ಯಾಂಕ್ ತುಂಬಿತು ಅಂತ.

ಮನೆ ಎಷ್ಟು ಬಿಸಿ ಇರ್ಬೇಕು ಅಂತ ಇಡೋ ಥರ್ಮೋಸ್ಟಾಟ್ ದಿನಕ್ಕೆ ಎಂಟು ಗಂಟೆ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿದ್ರೆ ವರ್ಷದಲ್ಲಿ ಶೇಕಡಾ 10ರವರೆಗೂ ಉಳಿಯುತ್ತೆ ಅಂತ ಅಲ್ಲಿನ ಇಂಧನ ಇಲಾಖೆ ಹೇಳುತ್ತೆ, ಆದ್ರೆ ಈ ವರ್ಷ ಬಾಣಂತಿ ಕೋಣೇಲಿ ಅದು ಬೇಡ. ಮಹಡಿಗೊಂದು ಥರ್ಮೋಸ್ಟಾಟ್ ಇದ್ರೆ ಯಾರೂ ಮಲಗದ ಮಹಡೀದು ಇಳಿಸಿ, 55ಕ್ಕಿಂತ ಕೆಳಗೆ ಬೇಡ, ನೀರಿನ ಪೈಪ್ ಹೆಪ್ಪುಗಟ್ಟಿ ಒಡೆದ್ರೆ ಎಣ್ಣೆ ಬಿಲ್ಲಿಗಿಂತ ದೊಡ್ಡ ಬಿಲ್ಲು. ಕೂಸಿನ ಕೋಣೆ 68ರಿಂದ 72, ಅಂದ್ರೆ ನಮ್ಮ ಲೆಕ್ಕದಲ್ಲಿ 20ರಿಂದ 22 ಡಿಗ್ರಿ ಇದ್ರೆ ಸಾಕು, ಅದಕ್ಕಿಂತ ಬಿಸಿ ಮಾಡಿ ಕೂಸಿಗೆ ಮೂರು ಪದರ ಸುತ್ತೋದೂ ಒಳ್ಳೇದಲ್ಲ. ಇನ್ನೊಂದು ಮಾತು, ಇಲ್ಲಿ ಥರ ಕೆಂಡ ಹಾಕಿ ಕೋಣೆ ಮುಚ್ಚೋದು ಖಂಡಿತಾ ಬೇಡಮ್ಮಾ, ಚಳಿಗೆ ಕಿಟಕಿ ಬಾಗಿಲು ಎಲ್ಲಾ ಮುಚ್ಚೇ ಇರುತ್ತೆ, ಕೆಂಡದ ವಿಷಗಾಳಿಗೆ ವಾಸನೆ ಇರಲ್ಲ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡ್ತಿದೆಯಾ ಅಂತ ಅಳಿಯಂದ್ರ ಕೈಲಿ ನೋಡಿಸಿ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ಈ ಸಲ ಚಳಿ ಜಾಸ್ತಿ, ತಂದೆಗೆ 78 ವರ್ಷ. ಅಂಗಡಿಯವ್ರು ಆಯಿಲ್ ಹೀಟರ್ ತಗೊಳ್ಳಿ ಸಾರ್, ಬಿಸಿ ಎಣ್ಣೇದು, ಕರೆಂಟು ಸ್ವಲ್ಪಾನೇ ಅಂತಾರೆ. ಎಣ್ಣೆ ಎಷ್ಟು ದಿನಕ್ಕೊಮ್ಮೆ ತುಂಬಿಸ್ಬೇಕು? (ಓದುಗರು, ಚಿಕ್ಕಬಳ್ಳಾಪುರ)

ಉತ್ತರ: ಇದಕ್ಕೂ ಮೇಲೆ ಹೇಳಿದ ಎಣ್ಣೆಗೂ ಸಂಬಂಧ ಇಲ್ಲ ಸಾರ್. ಇದ್ರಲ್ಲಿ ಎಣ್ಣೆ ಸೀಲ್ ಆಗಿರುತ್ತೆ, ಉರಿಯಲ್ಲ, ಮುಗಿಯಲ್ಲ, ಸ್ವಿಚ್ ಆಫ್ ಆದ್ಮೇಲೂ ಸ್ವಲ್ಪ ಹೊತ್ತು ಬಿಸಿ ಹಿಡಿದಿಟ್ಕೊಳ್ಳುತ್ತೆ ಅಷ್ಟೇ. ಬಿಸಿ ಪೂರ್ತಿ ಕರೆಂಟಿಂದೇ, 2000 ವ್ಯಾಟ್‌ದು ಒಂದು ಗಂಟೆ ಫುಲ್ ಓಡಿದ್ರೆ 2 ಯೂನಿಟ್, ಕಾಯಿಲ್ ಹೀಟರ್ ಆದ್ರೂ ಅಷ್ಟೇ. ಆದ್ರೆ ಕೆಂಪಗೆ ಕಾಯೋ ತಂತಿ ಹೊರಗಡೆ ಇರಲ್ಲ, ವಯಸ್ಸಾದವ್ರ ಕೋಣೆಗೆ ಕಾಯಿಲ್‌ಗಿಂತ ಇದೇ ವಾಸಿ, ತಗೊಳ್ಳಿ. ದಿನಾ ಮೂರು ಗಂಟೆ ಅಂದ್ರೆ ತಿಂಗಳಿಗೆ ಹೆಚ್ಚಂದ್ರೆ 180 ಯೂನಿಟ್. ಗೃಹಜ್ಯೋತಿ ಇದ್ರೆ ಇಲ್ಲಿ ಹುಷಾರಾಗಿರಿ, ತಿಂಗಳ ಒಟ್ಟು ಬಳಕೆ 200 ಯೂನಿಟ್ ದಾಟಿತು ಅಂದ್ರೆ ಆ ತಿಂಗಳ ಬಿಲ್ ಪೂರ್ತಿ ಕಟ್ಟಬೇಕಾಗುತ್ತೆ. ಮಲಗೋಕೆ ಒಂದು ಗಂಟೆ ಮುಂಚೆ ಕೋಣೆ ಬಾಗಿಲು ಹಾಕಿ ಫುಲ್ ಇಡಿ, ಆಮೇಲೆ ಥರ್ಮೋಸ್ಟಾಟ್ ತಗ್ಗಿಸಿ, ಕಿಟಕಿಗೆ ದಪ್ಪ ಪರದೆ, ಬಾಗಿಲ ಕೆಳಗಿನ ಸಂದಿಗೆ ಹಳೇ ಪಂಚೆ ಸುರುಳಿ. 16 ಆಂಪ್ಸ್ ಪ್ಲಗ್ಗಿಗೆ ನೇರವಾಗಿ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ಅದ್ರ ಮೇಲೆ ಟವೆಲ್ ಒಣಗಿ ಹಾಕೋಕೂ ಯಾರನ್ನೂ ಬಿಡ್ಬೇಡಿ.