ಫ್ರಿಜ್ಜಿನ ಬಾಗಿಲು ತೆರೆದವರನ್ನು ಬಿಟ್ಟಿದ್ದೀರಿ

ಪ್ರಿಯರೆ,

ದಕ್ಷಿಣ ಆಫ್ರಿಕಾದಲ್ಲಿ ಊಟದ ಮೂಲಕ ಹರಡಿದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಪಿಡುಗಿನ ಬಗ್ಗೆ ನೀವು ಕಳಿಸಿದ ‘ಜೀನೋಮ್ ಎಂಬ ಪತ್ತೇದಾರ’ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ಕನ್ನಡದಲ್ಲಿ ಹೆಚ್ಚು ಜನ ಮುಟ್ಟದ ವಿಷಯವನ್ನು ಆರಿಸಿಕೊಂಡಿದ್ದೀರಿ. ಇದಕ್ಕೆ ಅಭಿನಂದನೆ. ಆದರೆ ಮೂರನೇ ಪುಟ ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಉಳಿದ ಪುಟಗಳ ಗೋಜಿಗೆ ಹೋಗದೆ ಅದೊಂದರ ಬಗ್ಗೆಯೇ ಬರೆಯುತ್ತೇನೆ.

ಪೊಲೊನಿ ಎಂಬ ಮಾಂಸದ ತಿನಿಸಿನ ಬಗ್ಗೆ ಆ ಪುಟದ ಮೊದಲ ಸಾಲು: “ವಿಜ್ಞಾನಿಗಳು ಬ್ಯಾಕ್ಟೀರಿಯಾದ ಇಡೀ ಜೀನೋಮ್ ಓದಿದರು, ಪೊಲೊನಿಯೇ ಅಪರಾಧಿ ಎಂದು ತಕ್ಷಣ ತಿಳಿದುಬಂತು.”

ತಕ್ಷಣವೇ? ನವಜಾತ ಶಿಶುಗಳಲ್ಲಿ ಲಿಸ್ಟೀರಿಯಾ ಹೆಚ್ಚುತ್ತಿದೆ ಎಂದು ಅಲ್ಲಿನ ಆಸ್ಪತ್ರೆಗಳ ವೈದ್ಯರು ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಗೆ ತಿಳಿಸಿದ್ದು 2017ರ ಜುಲೈನಲ್ಲಿ. ಆರೋಗ್ಯ ಸಚಿವ ಆರನ್ ಮೊಟ್ಸೊಲೆಡಿ ಪಿಡುಗಿನ ಮೂಲವಾದ ಕಾರ್ಖಾನೆಯ ಹೆಸರು ಹೇಳಿದ್ದು 2018ರ ಮಾರ್ಚ್ 4ರಂದು. ನಡುವೆ ಎಂಟು ತಿಂಗಳು. ಆ ಅವಧಿಯಲ್ಲಿ ಸೀಕ್ವೆನ್ಸಿಂಗ್, ಅಂದರೆ ಬ್ಯಾಕ್ಟೀರಿಯಾದ ಜೀನೋಮನ್ನು (ಅದರ ಇಡೀ ಡಿಎನ್‌ಎಯನ್ನು) ಓದುವ ಕೆಲಸ, ನಡೆಯುತ್ತಲೇ ಇತ್ತು, ರೋಗಿಗಳಲ್ಲಿ ಬಹುಪಾಲು ಮಂದಿಗೆ ತಗುಲಿದ್ದು ಎಸ್‌ಟಿ6 ಎಂಬ ಒಂದೇ ತಳಿ ಎಂಬುದೂ ಗೊತ್ತಾಗಿತ್ತು. ಗೊತ್ತಾಗದೆ ಉಳಿದದ್ದು ಅದು ಯಾವ ತಿನಿಸಿನಿಂದ ಬಂತು ಎನ್ನುವುದು. ರೋಗಿಯ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಡಿಎನ್‌ಎಯ ಸುಮಾರು 29 ಲಕ್ಷ ಅಕ್ಷರಗಳನ್ನು ಓದಿ ಮುಗಿಸಿದರೂ ಅದರಲ್ಲಿ ಊಟದ ಹೆಸರು ಎಲ್ಲೂ ಬರೆದಿರುವುದಿಲ್ಲ. ತಿನಿಸಿನಲ್ಲೂ ಅದೇ ತಳಿ ಸಿಗಬೇಕು. ಸಿಗಬೇಕಾದರೆ ಯಾರಾದರೂ ಹೋಗಿ ತರಬೇಕು.

ತಂದವರ ಬಗ್ಗೆ ನೀವು ಬರೆದದ್ದು ಇಷ್ಟೇ: “ಶಿಶುವಿಹಾರವೊಂದರಿಂದ ಮಾದರಿಗಳನ್ನು ಸಂಗ್ರಹಿಸಲಾಯಿತು.”

ಇದೇ ನನ್ನನ್ನು ಕೆಣಕಿದ ಸಾಲು. ಇಡೀ ಕಥೆಯ ತಿರುವನ್ನು ‘ಲಾಯಿತು’ ಎಂದು ಮುಗಿಸಿಬಿಟ್ಟಿದ್ದೀರಿ. ನಡೆದದ್ದು ಹೀಗೆ. 2018ರ ಜನವರಿಯಲ್ಲಿ ಜೊಹಾನ್ಸ್‌ಬರ್ಗಿನ ಸೊವೆಟೊ ಬಡಾವಣೆಯ ಒಂದು ಶಿಶುವಿಹಾರದಿಂದ ಐದು ವರ್ಷದೊಳಗಿನ ಒಂಬತ್ತು ಮಕ್ಕಳು ಜ್ವರ, ವಾಂತಿ–ಭೇದಿಯೆಂದು ಕ್ರಿಸ್ ಹಾನಿ ಬಾರಗ್ವಾನಾಥ್ ಆಸ್ಪತ್ರೆಗೆ ಬಂದರು. ನೋಡಿದ ಮಕ್ಕಳ ವೈದ್ಯರಿಗೆ ಇದು ಲಿಸ್ಟೀರಿಯಾ ಇರಬಹುದೇ ಎಂಬ ಅನುಮಾನ ಬಂತು, ಪರಿಸರ ಆರೋಗ್ಯ ಅಧಿಕಾರಿಗಳಿಗೆ ತಿಳಿಸಿದರು. ಅವರು ಅಂದೇ ಹೋಗಿ ಶಿಶುವಿಹಾರದ ಫ್ರಿಜ್ಜಿನಲ್ಲಿದ್ದ ಪೊಲೊನಿ ತಂದರು. ಒಂದು ಮಗುವಿನ ಮಲದಲ್ಲಿಯೂ ಆ ಪೊಲೊನಿಯಲ್ಲಿಯೂ ಎಸ್‌ಟಿ6 ಸಿಕ್ಕಿತು. ಅಲ್ಲಿಂದ ಜಾಡು ಪೊಲೊಕ್ವಾನೆ ಊರಿನ ಎಂಟರ್‌ಪ್ರೈಸ್ ಫುಡ್ಸ್ ಕಾರ್ಖಾನೆಗೆ ಹೋಯಿತು. ಫೆಬ್ರವರಿಯಲ್ಲಿ ಅಲ್ಲಿ ಮುನ್ನೂರಕ್ಕೂ ಹೆಚ್ಚು ಕಡೆಯಿಂದ ಮಾದರಿ ತೆಗೆದರು, ಅವುಗಳಲ್ಲಿ ಕೆಲವುಗಳಲ್ಲೂ ಎಸ್‌ಟಿ6 ಇತ್ತು. ಆ ವೈದ್ಯರು ‘ಮಕ್ಕಳಿಗೆ ಏನೋ ಹೊಟ್ಟೆ ಕೆಟ್ಟಿದೆ’ ಎಂದು ಔಷಧ ಬರೆದು ಕಳಿಸಿದ್ದರೆ? ಅಧಿಕಾರಿಗಳು ಸೋಮವಾರ ನೋಡೋಣ ಎಂದಿದ್ದರೆ? ಓದುಗ ಉಸಿರು ಬಿಗಿಹಿಡಿಯಬೇಕಾದ ಜಾಗ ಅದು.

ಪೊಲೊನಿ ಎಂದರೇನೆಂದೂ ನೀವು ಹೇಳಿಲ್ಲ. ನಮ್ಮ ಓದುಗರಲ್ಲಿ ಹೆಚ್ಚಿನವರು ಅದನ್ನು ಕಂಡವರಲ್ಲ. ಮಾಂಸವನ್ನು ನುಣ್ಣಗೆ ಅರೆದು, ದಪ್ಪ ಕೊಳವೆಯಾಕಾರದಲ್ಲಿ ಬೇಯಿಸಿ ತಣಿಸಿದ ಗುಲಾಬಿ ಬಣ್ಣದ ತಿನಿಸು. ಅಗ್ಗ. ಹೋಳು ಮಾಡಿ ಬ್ರೆಡ್ಡಿನ ನಡುವೆ ಇಟ್ಟು, ಮತ್ತೆ ಬಿಸಿ ಮಾಡದೆ ಹಾಗೇ ತಿನ್ನುತ್ತಾರೆ, ಮಕ್ಕಳ ಡಬ್ಬಿಗೂ ಹಾಕುತ್ತಾರೆ. ಲಿಸ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಈ ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದರೆ ಬಡವರ ಮನೆಗಳಿಗೆ ಸಾವು ಹೇಗೆ ಬಂತೆಂಬುದು ತಾನಾಗಿ ತಿಳಿಯುತ್ತಿತ್ತು.

ಇನ್ನು ಈ ಸಾಲು: “ರೋಗಿಗಳ ನೆನಪಿನಂಥ ನಂಬಲಾಗದ ಸಾಕ್ಷ್ಯವನ್ನು ನೆಚ್ಚಿಕೊಳ್ಳುವ ಕಾಲ ಮುಗಿಯಿತು.”

ನೆನಪು ಕೈಕೊಡುತ್ತದೆ, ಒಪ್ಪಿದೆ. ಲಿಸ್ಟೀರಿಯಾ ದೇಹ ಹೊಕ್ಕ ಎರಡು ತಿಂಗಳ ಮೇಲೂ ಕಾಯಿಲೆ ಕಾಣಿಸಿಕೊಳ್ಳಬಹುದು. ಅಷ್ಟು ಹಿಂದಿನ ಊಟ ಯಾರಿಗೆ ನೆನಪಿರುತ್ತದೆ? ಆದರೂ ಅಲ್ಲಿ 109 ರೋಗಿಗಳನ್ನು ಕೂರಿಸಿ ಕೇಳಿದರು. 93 ಮಂದಿ ಸಂಸ್ಕರಿಸಿದ ಮಾಂಸ ತಿಂದಿದ್ದೆವು ಎಂದರು, ಅದರಲ್ಲೂ ಹೆಚ್ಚು ಕೇಳಿಬಂದದ್ದು ಪೊಲೊನಿಯ ಹೆಸರು. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಐವತ್ತಕ್ಕೂ ಹೆಚ್ಚು ಜೀವ ತೆಗೆದಾಗಲೂ ಅದರ ಜೀನೋಮನ್ನು ಕೆಲವೇ ದಿನಗಳಲ್ಲಿ ಓದಿದ್ದರು. ಅಷ್ಟರಲ್ಲಿ ಸ್ಪೇನಿನ ಸೌತೆಕಾಯಿಯ ಮೇಲೆ ತಪ್ಪು ಹೊರಿಸಿ ಅಲ್ಲಿನ ರೈತರನ್ನು ಮುಳುಗಿಸಿ ಆಗಿತ್ತು. ನಿಜವಾದ ಮೂಲ ಮೊಳಕೆ ಕಾಳು. ಅಲಂಕಾರಕ್ಕೆ ಉದುರಿಸಿದ ಮೊಳಕೆ ತಿಂದವರ ನೆನಪಿನಲ್ಲಿ ಉಳಿದಿರಲಿಲ್ಲ. ಹಾಗಾಗಿ ತನಿಖೆಯವರು ಹೋಟೆಲಿಗೆ ಬಂದವರನ್ನು ಯಾವ ಊಟ ತರಿಸಿದಿರಿ ಎಂದು ಕೇಳಿದರು, ಆ ಊಟಕ್ಕೆ ಏನೇನು ಹಾಕಿದಿರಿ ಎಂದು ಅಡುಗೆಯವರನ್ನು ಕೇಳಿದರು. ಮೊಳಕೆ ಬಡಿಸಿಕೊಂಡವರಲ್ಲಿ ಕಾಯಿಲೆ ಹದಿನಾಲ್ಕು ಪಟ್ಟು ಹೆಚ್ಚಿತ್ತು. ಕೊನೆಗೆ ಜಾಡು ಈಜಿಪ್ಟಿನ ಮೆಂತ್ಯದ ಕಾಳಿಗೆ ಹೋಯಿತು. ನೆನಪು ದುರ್ಬಲವಾದಲ್ಲಿ ಕೇಳುವ ಜಾಣ್ಮೆ ಹೆಚ್ಚಬೇಕು. ನೀವು ಕೇಳುವವರನ್ನೇ ಮನೆಗೆ ಕಳಿಸಿಬಿಟ್ಟಿದ್ದೀರಿ.

ಇದು ನನಗೇಕೆ ಇಷ್ಟು ತಾಗುತ್ತದೆ ಎಂದು ಹೇಳಿಬಿಡುತ್ತೇನೆ. ನಾನು ಜಿಲ್ಲಾ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ, ಮದುವೆ ಊಟ ಉಂಡು ಒಂದು ಹಳ್ಳಿಯ ಜನ ಆಸ್ಪತ್ರೆ ಸೇರಿದರು. ನಮ್ಮ ಹಿರಿಯ ಉಪಸಂಪಾದಕರು, “ಆಸ್ಪತ್ರೆಗೆ ಹೋಗಬೇಡ, ಅಲ್ಲಿಗೆ ಎಲ್ಲರೂ ಹೋಗಿರ್ತಾರೆ. ಆರೋಗ್ಯ ಸಹಾಯಕರ ಹಿಂದೆ ಹೋಗು” ಎಂದರು. ಹೋದೆ. ಆತ ಬಿಸಿಲಲ್ಲಿ ಮನೆಮನೆ ಅಲೆಯುತ್ತಿದ್ದರು, ಯಾರಿಗೂ ಏನೂ ಆಗದ ಮನೆಗಳನ್ನೂ ಬಿಡುತ್ತಿರಲಿಲ್ಲ. “ಯಾವ ಪಂಕ್ತಿಯಲ್ಲಿ ಕೂತಿದ್ರಿ? ಎಲೆ ಮೇಲೆ ಏನೇನಿತ್ತು? ಏನು ಬಿಟ್ರಿ?” ಇವೇ ಪ್ರಶ್ನೆಗಳು. ಚೆನ್ನಾಗಿರುವವರನ್ನು ಯಾಕೆ ಕೇಳುತ್ತೀರಿ ಎಂದೆ. “ಕಾಯಿಲೆ ಬಿದ್ದವರೆಲ್ಲ ಅನ್ನ ತಿಂದಿದ್ದಾರೆ, ಬೀಳದವರೂ ತಿಂದಿದ್ದಾರೆ. ಅನ್ನವನ್ನು ಬಿಡಬಹುದಲ್ಲ” ಎಂದರು. ಸಂಜೆ ಹೊತ್ತಿಗೆ ಅವರ ನೋಟುಪುಸ್ತಕದಲ್ಲಿ ಉಳಿದದ್ದು ಕೊನೆಯ ಪಂಕ್ತಿಗೆ ಬಡಿಸಿದ ಮೊಸರುಬಜ್ಜಿ ಮಾತ್ರ. ಉಪಸಂಪಾದಕರು ಆ ಪಂಕ್ತಿಯ ಪ್ರಶ್ನೆಯನ್ನು ಸುದ್ದಿಯ ಎರಡನೇ ಪ್ಯಾರಾಕ್ಕೆ ತಂದು ಕೂರಿಸಿದರು. ಯಾರು ಕೇಳಿದರು, ಯಾರನ್ನು ಕೇಳಿದರು ಎಂಬುದಿಲ್ಲದ ವಿಜ್ಞಾನ ಬರಹ ಅಂದಿನಿಂದ ನನಗೆ ರುಚಿಸಿಲ್ಲ.

ಅದಕ್ಕೇ ನಿಮ್ಮ ಇನ್ನೊಂದು ಸಾಲೂ ಚುಚ್ಚಿತು: “ಎಲ್ಲ ರೋಗಿಗಳ ಬ್ಯಾಕ್ಟೀರಿಯಾದ ಡಿಎನ್‌ಎ ನೂರಕ್ಕೆ ನೂರು ಒಂದೇ ಆಗಿತ್ತು.”

ಎಲ್ಲರದೂ ಆಗಿರಲಿಲ್ಲ. ಸೀಕ್ವೆನ್ಸ್ ಮಾಡಿದ 609 ರೋಗಿಗಳ ಮಾದರಿಗಳಲ್ಲಿ ಎಸ್‌ಟಿ6 ಇದ್ದದ್ದು ನೂರಕ್ಕೆ 93ರಲ್ಲಿ. ಬ್ಯಾಕ್ಟೀರಿಯಾ ಹೆಚ್ಚುತ್ತಾ ಹೋದಂತೆ ಸಣ್ಣಪುಟ್ಟ ಬದಲಾವಣೆ ಆಗಿಯೇ ಆಗುತ್ತದೆ, ಹಾಗಾಗಿ ನೂರಕ್ಕೆ ನೂರನ್ನು ಯಾರೂ ಬೇಡುವುದಿಲ್ಲ. ಲಿಸ್ಟೀರಿಯಾದಲ್ಲಿ ಬಳಕೆಯಲ್ಲಿರುವ ಒಂದು ಕ್ರಮ 1,748 ಜೀನ್‌ಗಳನ್ನು ಹೋಲಿಸಿ, ಏಳರವರೆಗೆ ವ್ಯತ್ಯಾಸವಿದ್ದರೆ ಒಂದೇ ಗುಂಪೆಂದು ಎಣಿಸುತ್ತದೆ. ಎಸ್‌ಟಿ6 ಇಲ್ಲದ, ನೀವು ಅಳಿಸಿಹಾಕಿದ ಆ ನೂರಕ್ಕೆ ಏಳು ಪಾಲು ಜನರಿಂದ ಸಿಕ್ಕ ಉಪಕಾರ ದೊಡ್ಡದು. ಅವರಿಗೂ ಲಿಸ್ಟೀರಿಯಾ ಬಂದಿತ್ತು, ಆದರೆ ಬೇರೆ ತಳಿ, ಬೇರೆ ಮೂಲ. ಎಸ್‌ಟಿ6 ರೋಗಿಗಳು ತಿಂದದ್ದನ್ನು ಇವರು ತಿಂದದ್ದರ ಜೊತೆ ಹೋಲಿಸಿದಾಗ, ಪೊಲೊನಿ ತಿಂದಿರುವ ಸಂಭವ ಎಸ್‌ಟಿ6 ಗುಂಪಿನಲ್ಲಿ ಎಂಟೂವರೆ ಪಟ್ಟು ಹೆಚ್ಚೆಂದು ಕಂಡಿತು. ಆ ಹಳ್ಳಿಯಲ್ಲಿ ಆರೋಗ್ಯ ಸಹಾಯಕರು ಚೆನ್ನಾಗಿದ್ದವರನ್ನು ಕೇಳಿ ಮಾಡಿದ ಕೆಲಸವನ್ನು ಇಲ್ಲಿ ಬೇರೆ ತಳಿಯ ರೋಗಿಗಳಿಂದ ಮಾಡಿಸಿದ್ದಾರೆ. ಆ ಎರಡು ಗುಂಪುಗಳನ್ನು ಬೇರ್ಪಡಿಸಿ ಕೊಟ್ಟದ್ದು ಜೀನೋಮ್. ನೀವು ಹೊಗಳಬೇಕಿದ್ದದ್ದು ಇದನ್ನು. ಸೀಕ್ವೆನ್ಸಿಂಗ್ ಪ್ರಶ್ನೆ ಕೇಳುವವರ ಕೆಲಸವನ್ನು ಕಿತ್ತುಕೊಳ್ಳಲಿಲ್ಲ, ಯಾರನ್ನು ಯಾರ ಜೊತೆ ಹೋಲಿಸಬೇಕೆಂದು ಅವರಿಗೆ ತೋರಿಸಿಕೊಟ್ಟಿತು.

1,060 ಮಂದಿ ಕಾಯಿಲೆ ಬಿದ್ದು 216 ಮಂದಿ ಸತ್ತ ಘಟನೆ ಇದು. ಅರ್ಧದಷ್ಟು ಪ್ರಕರಣಗಳು ಬಸಿರಿಗೆ ಸಂಬಂಧಿಸಿದವು: ಗರ್ಭಿಣಿಯರು, ಆಗಷ್ಟೇ ಹುಟ್ಟಿದ ಕೂಸುಗಳು. ನಿಮ್ಮ ಲೇಖನದಲ್ಲಿ ಸೀಕ್ವೆನ್ಸಿಂಗ್ ಯಂತ್ರದ ವರ್ಣನೆಗೆ ಒಂದೂವರೆ ಪುಟ ಹೋಗಿದೆ, ಇವರಿಗೆ ಸಿಕ್ಕಿದ್ದು ಅರ್ಧ ವಾಕ್ಯ. ಯಂತ್ರವನ್ನು ಒಂದು ಪ್ಯಾರಾಕ್ಕೆ ಇಳಿಸಿ. ಸೊವೆಟೊದ ಶಿಶುವಿಹಾರದಿಂದ ಶುರುಮಾಡಿ, ಅಲ್ಲಿಂದ ಜುಲೈ ತಿಂಗಳ ವೈದ್ಯರ ಕಡೆಗೆ ಹಿಂದೆ ಹೋಗಿ. ‘ಪತ್ತೇದಾರ’ ಶೀರ್ಷಿಕೆ ತೆಗೆಯಿರಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಆರು ಪುಟ ನಿಮಗಾಗಿ ಕಾದಿರಿಸಿದ್ದೇನೆ, ಹದಿನೈದನೇ ತಾರೀಖಿನೊಳಗೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕ